ಅಪ್ಪನ ನಡಿಗೆಗೆ ಯಾರೋ ತಟ್ಟಿದ ಚಪ್ಪಾಳೆ

ಈ ಬರಹದಲ್ಲಿ ಕೊರತೆಗಳಿದ್ದರೆ ಓದುಗರು ಮೊದಲೇ ಮನ್ನಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಬರೆದ ವಾಕ್ಯ ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಓದಿ ನೋಡದೆ ಮುಂದಿನದಕ್ಕೆ ಹೋಗುವ ಧೈರ್ಯ ನನಗಿನ್ನೂ ಬಂದಿಲ್ಲ. ಯಾರ ಹೆಸರನ್ನೂ ಹೇಳದೆ ಬರೆಯುತ್ತಿರುವುದರಿಂದ ನಿರೂಪಣೆ ಕೆಲವೆಡೆ ತೊಡಕಾಗಿ ಕಾಣಬಹುದು. ಹೆಸರನ್ನೂ ನಿಖರವಾದ ಜಾಗವನ್ನೂ ಬಿಟ್ಟುಕೊಡಬಾರದೆಂಬ ಎಚ್ಚರ ನನಗೆ ಬಂದದ್ದು ಈಗ ಹೇಳಹೊರಟಿರುವ ಸಂಗತಿಯಿಂದಲೇ.

ನಮ್ಮ ತಂದೆ ಮಲ್ಲಂದೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ವಾಚರ್ ಆಗಿದ್ದರು. ಕೂಲಿಯವರ ಲೈನ್ ಮನೆಗಳಿಂದ ದೂರದಲ್ಲಿ, ತೋಟದ ಅಂಚಿಗೆ, ವಾಚರನಿಗೆಂದೇ ಕಟ್ಟಿಸಿದ ಮನೆಯಲ್ಲಿ ನಾವಿದ್ದೆವು. ಕಾಫಿ ಹಣ್ಣು, ಕಾಳುಮೆಣಸು ಕಳುವಾಗದಂತೆ ನೋಡಿಕೊಳ್ಳುವುದು ಅಪ್ಪನ ಕೆಲಸವೆಂದು ಹೊರಗಿನವರು ತಿಳಿದಿದ್ದರು. ಅವರು ನಿಜವಾಗಿ ಕಾಯುತ್ತಿದ್ದುದು ಒಂದು ಮರವನ್ನು. ಕಾಫಿ ಗಿಡ ಹಾಕದೆ ಬಿಟ್ಟ ಕೊನೆಯ ಇಳಿಜಾರಿನಲ್ಲಿ, ಕುರುಚಲು ಪೊದೆಗಳ ನಡುವೆ, ಒಂದು ಹಳೆಯ ಶ್ರೀಗಂಧದ ಮರವಿತ್ತು. ಅದು ಈಗ ಇಲ್ಲವಾದ್ದರಿಂದ ಹೀಗೆ ಬರೆಯಲು ಅಡ್ಡಿಯಿಲ್ಲ.

ಆ ಮರವನ್ನು ಕಾಯುವುದಕ್ಕೊಂದು ರೀತಿಯಿತ್ತು. ಮರದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. 'ದೊಡ್ಡೋರನ್ನ ನೋಡ್ಕಂಡ್ ಬಂದೆ' ಎನ್ನುತ್ತಿದ್ದರು ಅಪ್ಪ. ಚಿಕ್ಕವಳಾಗಿದ್ದಾಗ ನಾನು, ಅಲ್ಲಿ ಯಾರೋ ವಯಸ್ಸಾದವರು ಏಳಲಾರದೆ ಮಲಗಿದ್ದಾರೆ, ಅಪ್ಪ ಅವರಿಗೆ ಗಂಜಿ ಕುಡಿಸಿ ಬರುತ್ತಾರೆ ಎಂದೇ ನಂಬಿದ್ದೆ. ಅಲ್ಲಿಗೆ ಹೋಗುವವರು ನಿನ್ನೆಯ ದಾರಿಯಲ್ಲಿ ಇಂದು ಹೋಗಬಾರದೆಂಬುದು ಇನ್ನೊಂದು ಕಟ್ಟಳೆ. ನಡೆದಲ್ಲೇ ನಡೆದರೆ ಹುಲ್ಲು ಸವೆಯುತ್ತದೆ, ಸವೆದದ್ದು ಕಾಲುದಾರಿಯಾಗುತ್ತದೆ, ಕಾಲುದಾರಿ ಹಿಡಿದು ಬೇರೆಯವರು ಬರುತ್ತಾರೆ. ಹಾಗಾಗಿ ಅಪ್ಪ ಒಂದು ದಿನ ಹಳ್ಳದ ಕಡೆಯಿಂದ ಹತ್ತಿದರೆ, ಮರುದಿನ ಮೇಲಿನ ಬಂಡೆ ಸುತ್ತಿ ಇಳಿಯುತ್ತಿದ್ದರು. ಮತ್ತೊಂದು ದಿನ ಸಿಲ್ವರ್ ಓಕ್ ಸಾಲಿನ ನಡುವಿನಿಂದ ಹೋಗುತ್ತಿದ್ದರು. ಮರದ ಬಳಿ ನಿಲ್ಲುತ್ತಲೂ ಇರಲಿಲ್ಲ. ಹಾದುಹೋಗುವವರಂತೆ ಬುಡದ ಕಡೆ ಒಮ್ಮೆ ಕಣ್ಣು ಹಾಯಿಸಿ ಮುಂದೆ ನಡೆಯುತ್ತಿದ್ದರು. ಹೀಗೆ ನಡೆಯುವುದನ್ನು ಅವರಿಗೆ ಕಲಿಸಿದವರು ಅವರಿಗಿಂತ ಮೊದಲು ಅಲ್ಲಿ ವಾಚರ್ ಆಗಿದ್ದ ನಮ್ಮ ದೊಡ್ಡಪ್ಪ.

ದೊಡ್ಡಪ್ಪನ ಕಾಲದಲ್ಲಿ ಆ ಇಳಿಜಾರಿನಲ್ಲಿ ಇನ್ನೊಂದು ಗಂಧದ ಮರವಿತ್ತು. ಅದು ಕಳುವಾದಾಗ ಅವರನ್ನು ವಿಚಾರಣೆಗೆ ಕರೆದೊಯ್ದರು. ಏನೂ ಸಾಬೀತಾಗಲಿಲ್ಲ, ಬಿಟ್ಟು ಕಳುಹಿಸಿದರು. ಆದರೆ ಸಾಬೀತಾಗದೆ ಹೊರಬರುವುದೂ ಕಳ್ಳನಲ್ಲ ಎನ್ನಿಸಿಕೊಳ್ಳುವುದೂ ನಮ್ಮಂಥವರ ಪಾಲಿಗೆ ಒಂದೇ ಅಲ್ಲ. ಅವರು ಕೆಲಸ ಬಿಟ್ಟು ಸಂಸೆಯ ಕಡೆ ಹೋಗಿ ನೆಲೆಸಿದರು. ಕಳ್ಳನೆಂಬ ಮಾತು ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿ ಕುಳಿತಿತ್ತು. ಉಳಿದ ಈ ಮರಕ್ಕೂ ಏನಾದರೂ ಆದರೆ ಜನರ ಬಾಯಿಗೆ ಮೊದಲು ಬರುವ ಹೆಸರು ಅಪ್ಪನದು. ಹೆಸರಿನ ಜೊತೆಗೆ ಮನೆಯೂ ಹೋಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಎಲ್ಲರೂ ಬಲ್ಲೆವು.

ಅಪ್ಪನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ವರ್ಷವೇ ಎಸ್ಟೇಟಿನ ಸಾಹುಕಾರರು ತಾವು ಬಳಸಿ ಬಿಟ್ಟ ಸ್ಮಾರ್ಟ್‌ಫೋನನ್ನು ಅವರಿಗೆ ಕೊಟ್ಟಿದ್ದರು. ನಾನಾಗ ಚಿಕ್ಕಮಗಳೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಗುತ್ತಿಗೆಯ ಕೆಲಸಕ್ಕೆ ಸೇರಿ, ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ವಾರದ ಕೊನೆಗೆ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಒಂದು ಶನಿವಾರ ಬಂದಾಗ ಜಗುಲಿಯಲ್ಲಿ ಅಪ್ಪನೂ ಎಸ್ಟೇಟಿನ ಮೇಸ್ತ್ರಿಯವರೂ ತಮ್ಮ ತಮ್ಮ ಫೋನು ಹಿಡಿದು ವಾದಿಸುತ್ತಿದ್ದರು. ಮೇಸ್ತ್ರಿಯವರು ಅಪ್ಪನ ಹಳೆಯ ಸ್ನೇಹಿತರು, ಅವರಿಗೂ ಅದೇ ಕಾಯಿಲೆ. ದಿನಕ್ಕೆಷ್ಟು ಹೆಜ್ಜೆ ನಡೆದೆವೆಂದು ಎಣಿಸುವ ಒಂದು ಆ್ಯಪನ್ನು ಅವರೇ ಇಬ್ಬರ ಫೋನಿಗೂ ಹಾಕಿದ್ದರು.

"ಎಂತ ಮಾರಾಯ ಇದು, ಇಷ್ಟು ಹೆಜ್ಜೆ? ಸುಳ್ಳು! ಫೋನನ್ನ ನಾಯಿ ಕೊರಳಿಗೆ ಕಟ್ಟಿ ಬಿಟ್ಟಿದ್ದೆ ಅಲ್ವಾ ನೀನು?" ಎಂದರು ಮೇಸ್ತ್ರಿಯವರು.

"ನಾಯಿಗೆ ಕಟ್ಟಿದ್ರೆ ಅದು ನಿಮ್ ಮನೆ ಅಡುಗೆ ಕೋಣೆಗೇ ಬಂದು ಮಲಗ್ತಿತ್ತು. ಸೊನ್ನೆ ಬರ್ತಿತ್ತು," ಎಂದರು ಅಪ್ಪ.

"ಹೀಗೇ ನಡೀತಾ ಇರು. ಸಕ್ಕರೆ ಇಳೀತದೆ, ಜೊತೆಗೆ ನೀನೂ ಇಳಿದು ಹೋಗ್ತೀಯ."

ಅವ್ವ ಒಳಗಿನಿಂದ, "ಇಬ್ರಿಗೂ ಸಕ್ಕರೆ ಇಲ್ದ ಕಾಫಿ. ಹೆಜ್ಜೆ ಎಣಿಸ್ಕಂಡು ಕುಡೀರಿ," ಎಂದು ಲೋಟ ತಂದಿಟ್ಟಳು. ಅಂದು ನಾವೆಲ್ಲ ನಕ್ಕೆವು. ಆ ನಗುವಿನಲ್ಲಿ ನಾನೂ ಇದ್ದೆ.

ಕೆಲವು ದಿನಗಳ ಬಳಿಕ ಅಪ್ಪ ಫೋನ್ ಮಾಡಿದಾಗ ಅವರ ದನಿಯಲ್ಲಿ ಒಂದು ಬಗೆಯ ಸಂಕೋಚದ ಹೆಮ್ಮೆಯಿತ್ತು. "ಮಗಾ, ನನ್ನ ನಡಿಗೆಗೆ ಯಾರೋ ದಿನಾ ಚಪ್ಪಾಳೆ ತಟ್ತಾರೆ ಕಣೆ," ಎಂದರು. ಆ ಆ್ಯಪಿನಲ್ಲಿ ಒಬ್ಬರು ನಡೆದದ್ದನ್ನು ಇನ್ನೊಬ್ಬರು ಮೆಚ್ಚಿಕೊಂಡರೆ ಚಪ್ಪಾಳೆಯ ಚಿತ್ರ ಮೂಡುತ್ತದೆ. ಮೇಸ್ತ್ರಿಯವರೇ ಇರಬೇಕೆಂದು ಅಪ್ಪ ಮೊದಲು ತಿಳಿದಿದ್ದರಂತೆ. 'ನಾನ್ಯಾಕೆ ನಿನಗೆ ಚಪ್ಪಾಳೆ ತಟ್ಟಲಿ, ನನ್ನನ್ನ ಸೋಲಿಸ್ತಾ ಇದ್ದೀಯ' ಎಂದು ಅವರು ಗದರಿದ ಮೇಲೆ, ಬೇರೆ ಯಾರೋ ಒಳ್ಳೆಯ ಮನುಷ್ಯರು ಎಂದುಕೊಂಡರು. ಚಪ್ಪಾಳೆ ತಟ್ಟಿದವರ ಹೆಸರಿನ ಜಾಗದಲ್ಲಿ ಬರಿಯ ಅಂಕಿಗಳಿದ್ದವು. ಮುಖದ ಜಾಗದಲ್ಲಿ ಒಂದು ಗುಡ್ಡದ ಚಿತ್ರವಿತ್ತು.

ಇಲ್ಲಿ ನಮ್ಮ ಕಡೆಯ ಒಂದು ನಂಬಿಕೆಯನ್ನು ವಿವರಿಸಬೇಕು. ಗುಡ್ಡದ ನೆತ್ತಿಯಲ್ಲೋ ಬಂಡೆಯ ಮೇಲೋ ಅಲ್ಲದೆ ನಮ್ಮಲ್ಲಿ ಫೋನಿಗೆ ರೇಂಜ್ ಸಿಗುವುದಿಲ್ಲ. ಕಣಿವೆಗಿಳಿದ ಕೂಡಲೇ ಫೋನು ಸತ್ತಿತೆಂದೇ ಎಲ್ಲರ ಲೆಕ್ಕ. ಸಾಹುಕಾರರನ್ನು ಬೈಯುವವರು ಅಲ್ಲಿಗೇ ಇಳಿದು ಬೈಯುತ್ತಾರೆ. ಮನೆಗೆ ತಿಳಿಯದಂತೆ ಕುಡಿಯುವವರು ಅಲ್ಲಿಗೇ ಇಳಿಯುತ್ತಾರೆ. 'ರೇಂಜ್ ಇಲ್ದಲ್ಲಿ ಫೋನ್ ಕುರುಡು' ಎಂಬುದು ಮೇಸ್ತ್ರಿಯವರ ಮಾತು. ಅದನ್ನು ತಪ್ಪೆಂದು ನಮ್ಮ ಎಸ್ಟೇಟಿನಲ್ಲಿ ಯಾರೂ ಎಣಿಸಿರಲಿಲ್ಲ. ಮರವಿದ್ದ ಇಳಿಜಾರಿನಲ್ಲಿ ರೇಂಜಿನ ಸುಳಿವೇ ಇರಲಿಲ್ಲ. ಆದ್ದರಿಂದ ಅಪ್ಪ ಅಂಗಿಯ ಜೇಬಿನಲ್ಲಿ ಫೋನಿಟ್ಟುಕೊಂಡು, ಹುಲ್ಲು ಸವೆಯದಂತೆ ದಿನಕ್ಕೊಂದು ದಾರಿ ಹಿಡಿದು, ನಿಶ್ಚಿಂತೆಯಿಂದ ದೊಡ್ಡೋರನ್ನು ನೋಡಿ ಬರುತ್ತಿದ್ದರು.

ಹೂಮಳೆ ಬಿದ್ದು ಕಾಫಿ ಹೂ ಬಿರಿದ ವಾರ. ತೋಟವೆಲ್ಲ ಬೆಳ್ಳಗಾಗಿ, ಪರಿಮಳ ಮನೆಯೊಳಗಿನ ಬಟ್ಟೆಗೂ ಹತ್ತಿತ್ತು. ನಾನು ಬಂದಿಳಿದಾಗ ಅಪ್ಪ ಹಿತ್ತಲ ಕಲ್ಲಿನ ಮೇಲೆ ಕುಳಿತು ಕೈ ತೊಳೆಯುತ್ತಿದ್ದರು. ತೊಳೆದ ಕೈಯನ್ನು ಮೂಗಿಗೆ ಹಿಡಿದು, ಮತ್ತೆ ತೊಳೆಯುತ್ತಿದ್ದರು.

"ಮಧ್ಯಾಹ್ನದಿಂದ ಹೀಗೇ ಆಡ್ತಿದಾರೆ. ಕೇಳಿದ್ರೆ ಹೇಳಲ್ಲ. ನೀನೇ ಕೇಳು," ಎಂದಳು ಅವ್ವ.

ಅಪ್ಪ ಹೇಳಿದ್ದು ಇಷ್ಟು: ಮರದ ಬುಡದಲ್ಲಿ, ಮೊಣಕಾಲಿನ ಎತ್ತರಕ್ಕೆ, ಪೆನ್ಸಿಲ್ ತೂರುವಷ್ಟು ಗಾತ್ರದ ಒಂದು ತೂತು. ಒಳಗೆ ತಿರುಳು ಬಲಿತಿದೆಯೇ ಎಂದು ಯಾರೋ ಕೊರೆದು ನೋಡಿದ್ದರು. ನೋಡಿದ ಮೇಲೆ ಹಸಿಮಣ್ಣು ಮೆತ್ತಿ, ಅದರ ಮೇಲೆ ಪಾಚಿ ಒತ್ತಿ ಮುಚ್ಚಿದ್ದರು. ಕೆಳಗಿನ ತರಗೆಲೆಯ ಮೇಲೆ ಸ್ವಲ್ಪ ಹುಡಿ ಉಳಿದಿತ್ತು. ಅಪ್ಪ ಅದನ್ನು ಅಂಗೈಗೆ ತೆಗೆದುಕೊಂಡಿದ್ದರು. ನಿಂತ ಗಂಧದ ಮರಕ್ಕೆ ವಾಸನೆಯಿರುವುದಿಲ್ಲ; ಗಾಯವಾದರೆ ಮಾತ್ರ ತಿರುಳು ಪರಿಮಳ ಬಿಡುತ್ತದೆ. ಅಷ್ಟು ವರ್ಷ ಕಾಯ್ದ ಮರದ ವಾಸನೆಯನ್ನು ಅಪ್ಪ ಕಂಡದ್ದು ಅದೇ ಮೊದಲು.

"ಅಷ್ಟು ಹೂವಿನ ವಾಸನೆ ನಡುವೆನೂ ಬಂತು ಮಗಾ," ಎಂದರು. ಮತ್ತೆ ನೀರಿಗೆ ಕೈ ಚಾಚಿದರು.

ತೂತು ಕೊರೆದವರು ಮತ್ತೆ ಬರುತ್ತಾರೆ. ಅದು ಯಾವತ್ತು ಎಂಬುದೊಂದೇ ನಮಗೆ ತಿಳಿಯದ ವಿಷಯವಾಗಿತ್ತು. ಅಪ್ಪ ಮರುದಿನದಿಂದ ಬೆಳಗಿನ ಗಂಜಿ ಕುಡಿದು ಹೊರಟರೆ, ಊಟಕ್ಕೊಮ್ಮೆ ಬಂದು ಹೋಗುವುದಲ್ಲದೆ, ಕತ್ತಲಾಗುವ ಮೊದಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಸಾಹುಕಾರರಿಗೆ ಹೇಳಬೇಕೆಂದು ಅವ್ವ ಒತ್ತಾಯಿಸಿದಳು. ಅಪ್ಪ ಒಪ್ಪಲಿಲ್ಲ. ಹೇಳಿದರೆ 'ಜಾಗ ಯಾರಿಗೆ ತೋರಿಸಿದೆ' ಎಂಬ ಪ್ರಶ್ನೆ ಬರುತ್ತದೆ. ಹೇಳದೆ ಇದ್ದು ಮರ ಹೋದರೆ, 'ಗೊತ್ತಿದ್ದೂ ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆ. ಎರಡಕ್ಕೂ ದೊಡ್ಡಪ್ಪನ ಕಥೆಯೇ ಕೊನೆ.

ಸಂಶಯವೆಂಬುದು ಹತ್ತಿರದವರನ್ನೇ ಮೊದಲು ಹಿಡಿಯುತ್ತದೆ. ನಮ್ಮ ಮನೆಯವರನ್ನೂ ದೊಡ್ಡಪ್ಪನನ್ನೂ ಬಿಟ್ಟರೆ ಮರದ ಜಾಗ ಬಲ್ಲವರು ಸಾಹುಕಾರರು, ಮೇಸ್ತ್ರಿಯವರು, ಅಷ್ಟೇ. ಅಪ್ಪ ಮೇಸ್ತ್ರಿಯವರೊಡನೆ ಮಾತು ಬಿಟ್ಟರು. ಮುಂದಿನ ವಾರ ನಾನು ಮನೆಗೆ ಬಂದಿದ್ದಾಗ, ಭಾನುವಾರ ಬೆಳಿಗ್ಗೆ ಎಂದಿನಂತೆ ಬಂದ ಮೇಸ್ತ್ರಿಯವರು ಜಗುಲಿಯಲ್ಲಿ ಕುಳಿತು, "ಎಂತ ಮಾರಾಯ, ಸಕ್ಕರೆ ಜಾಸ್ತಿ ಆಗಿ ಮಾತು ಕಹಿ ಆಯ್ತಾ?" ಎಂದು ಕೇಳಿದರು. ಅಪ್ಪ ಚಪ್ಪಲಿ ಮೆಟ್ಟಿ ತೋಟದ ಕಡೆ ಹೊರಟುಹೋದರು. ಮೇಸ್ತ್ರಿಯವರು ಅವ್ವನ ಮುಖವನ್ನೂ ನನ್ನ ಮುಖವನ್ನೂ ನೋಡಿ, ಕಾಫಿಗೂ ಕಾಯದೆ ಎದ್ದರು. ಹೋಗುವ ಮೊದಲು, "ಹೆಜ್ಜೆ ಮಾತ್ರ ದಿನಾ ಜಾಸ್ತಿ ತೋರಿಸ್ತಾ ಇದೆ ಅವಂದು. ಒಂದೇ ಜಾಗ ಸುತ್ತುತಾನೋ ಏನೋ, ಗೆರೆ ಮೇಲೆ ಗೆರೆ," ಎಂದರು.

ಗೆರೆ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಅಪ್ಪ ಊಟಕ್ಕೆ ಬಂದ ಕೂಡಲೇ ಫೋನಿನ ಸಮೇತ ಅವರನ್ನು ಕರೆದುಕೊಂಡು ಮನೆಯ ಮೇಲ್ಗಡೆಯ ಬಂಡೆ ಹತ್ತಿದೆ. ರೇಂಜ್ ಬಂತು. ಹೆಜ್ಜೆಯ ಅಂಕಿಯ ಕೆಳಗೆ 'ನಕ್ಷೆ' ಎಂಬ ಚಿಕ್ಕ ಗುರುತಿತ್ತು. ಅಪ್ಪ ಅದನ್ನು ಎಂದೂ ಒತ್ತಿರಲಿಲ್ಲ. ಒತ್ತಿದಾಗ ಹಸಿರು ಗುಡ್ಡಗಳ ಚಿತ್ರದ ಮೇಲೆ ಕಿತ್ತಳೆ ಬಣ್ಣದ ಗೆರೆಗಳು ಒಂದೊಂದಾಗಿ ಮೂಡಿದವು. ಹಳ್ಳದ ಕಡೆಯಿಂದ ಬಂದದ್ದು, ಬಂಡೆ ಸುತ್ತಿ ಇಳಿದದ್ದು, ಸಿಲ್ವರ್ ಓಕ್ ಸಾಲಿನದು.

"ಇದೇನಿದು, ಜೇಡರ ಬಲೆ?" ಎಂದರು ಅಪ್ಪ.

"ಅಪ್ಪಾ, ಇದು ನೀವು ನಡೆದದ್ದು. ಈ ತಿಂಗಳು ಪೂರ್ತಿ."

ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಪ್ರತಿದಿನವೂ ಬೇರೆಯಾಗಿದ್ದ ದಾರಿಗಳೆಲ್ಲ ಒಂದೇ ಕಡೆ ಬಂದು ಸೇರಿದ್ದವು. ಒಂದೇ ದಾರಿಯಲ್ಲಿ ಹೋಗಿದ್ದರೆ ನಕ್ಷೆಯಲ್ಲಿ ಒಂದು ಗೆರೆಯಿರುತ್ತಿತ್ತು. ಎಲ್ಲಿಗೆ ಹೋದರೆಂದು ನೋಡುವವರು ಊಹಿಸಬೇಕಿತ್ತು. ನೂರು ದಿಕ್ಕಿನಿಂದ ನಡೆದು ಬಂದದ್ದರಿಂದ ಊಹಿಸುವ ಕೆಲಸವೂ ಉಳಿದಿರಲಿಲ್ಲ.

"ಅಲ್ಲಿ ದೊಡ್ಡೋರಿದಾರೆ," ಎಂದು ಅಪ್ಪ ಬೆರಳನ್ನು ಪರದೆಗೆ ತಾಗಿಸದೆ ಹೇಳಿದರು. ಆಮೇಲೆ, "ರೇಂಜ್ ಇರ್ಲಿಲ್ಲಲ್ಲ ಮಗಾ?" ಎಂದು ಕೇಳಿದರು.

ನಾನು ತಿಳಿದಷ್ಟನ್ನು ವಿವರಿಸಿದೆ. ಮಾತನಾಡಲು ಫೋನಿಗೆ ರೇಂಜ್ ಬೇಕು. ತಾನು ನಿಂತಿರುವ ಜಾಗ ಯಾವುದೆಂದು ತಿಳಿಯಲು ಬೇಕಿಲ್ಲ, ಅದನ್ನು ಅದು ಆಕಾಶದ ಉಪಗ್ರಹಗಳಿಂದ ಪಡೆಯುತ್ತದೆ. ಕಣಿವೆಯಲ್ಲಿ ಕಂಡದ್ದನ್ನೆಲ್ಲ ಬಚ್ಚಿಟ್ಟುಕೊಂಡಿದ್ದು, ಬಂಡೆ ಹತ್ತಿದ ಕೂಡಲೇ ಒಪ್ಪಿಸಿಬಿಡುತ್ತದೆ. ಅಪ್ಪ ದಿನವೂ ನನಗೆ ಫೋನ್ ಮಾಡಲೆಂದು ಹತ್ತುತ್ತಿದ್ದುದು ಅದೇ ಬಂಡೆಯನ್ನು.

ನಕ್ಷೆಯ ಮೂಲೆಯಲ್ಲಿ 'ಎಲ್ಲರಿಗೂ ಕಾಣುತ್ತದೆ' ಎಂದಿತ್ತು. ಬದಲಾಯಿಸದಿದ್ದರೆ ಮೊದಲಿನಿಂದ ಹಾಗೆಯೇ ಇರುತ್ತದೆ. ಚಪ್ಪಾಳೆ ತಟ್ಟುತ್ತಿದ್ದವರ ಪುಟವನ್ನು ತೆರೆದೆ. ಅದೇ ಗುಡ್ಡದ ಚಿತ್ರ. ಅವರದೊಂದು ನಡಿಗೆಯೂ ಅಲ್ಲಿರಲಿಲ್ಲ. ಎಲ್ಲಿಗೂ ನಡೆಯದ ಆ ಮನುಷ್ಯ ನಮ್ಮ ಅಪ್ಪನ ಪ್ರತಿಯೊಂದು ನಡಿಗೆಗೂ ಚಪ್ಪಾಳೆ ತಟ್ಟಿದ್ದ. ತೂತು ಕಂಡ ಮೇಲಿನ ನಡಿಗೆಗಳಿಗೂ ತಟ್ಟಿದ್ದ.

ಮಧ್ಯಾಹ್ನವಿಡೀ ಬಂಡೆಯ ಮೇಲೆಯೇ ಕುಳಿತು ಫೋನನ್ನು ಶುಚಿ ಮಾಡಿದೆವು. ಅವ್ವನೂ ಹತ್ತಿ ಬಂದಳು. ಒಂದೊಂದು ಆ್ಯಪಿಗೂ ಏನೇನು ಅನುಮತಿ ಕೊಟ್ಟಿದೆಯೆಂದು ನಾನು ಓದಿ ಹೇಳುವುದು, ಅವರಿಬ್ಬರೂ ತೀರ್ಪು ಕೊಡುವುದು. ಪಂಚಾಂಗದ ಆ್ಯಪ್ ನಾವಿರುವ ಜಾಗ ಕೇಳಿತ್ತು. ಫೋಟೋಕ್ಕೆ ಹೂವಿನ ಚೌಕಟ್ಟು ಹಾಕುವುದು ಮೈಕು ಕೇಳಿತ್ತು. ಟಾರ್ಚಿನ ಆ್ಯಪೊಂದು ಫೋನಿನಲ್ಲಿದ್ದ ಎಲ್ಲರ ನಂಬರನ್ನೂ ಕೇಳಿ ಪಡೆದಿತ್ತು.

"ಟಾರ್ಚಿಗೆ ನಮ್ ನೆಂಟ್ರ ನಂಬರ್ ಯಾಕಂತೆ? ಕರೆಂಟ್ ಹೋದ್ರೆ ಅವ್ರ ಮನೆಗೆ ಹೇಳಿ ಕಳಿಸ್ತದಾ?" ಎಂದಳು ಅವ್ವ.

"ಕೇಳ್ತು, ಕೊಟ್ಟೆ. 'ಸರಿ' ಅಂತ ಒತ್ತದೆ ಮುಂದಕ್ಕೇ ಬಿಡ್ತಿರ್ಲಿಲ್ಲ," ಎಂದರು ಅಪ್ಪ.

"ತೆಗಿ ಅತ್ಲಾಗೆ."

ತೆಗೆದೆ. ಹೆಜ್ಜೆಯ ಆ್ಯಪನ್ನು ತೆಗೆಯುವ ಮೊದಲು ಅದರಲ್ಲಿದ್ದ ಖಾತೆಯನ್ನೂ ಅಳಿಸಲು ಕೋರಿಕೆ ಸಲ್ಲಿಸಿದೆ. 'ನಿಮ್ಮ ಕೋರಿಕೆಯನ್ನು ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು. ಯಾರು, ಎಲ್ಲಿ, ಯಾವಾಗ ಪರಿಶೀಲಿಸುತ್ತಾರೆಂದು ಇರಲಿಲ್ಲ. ಕೊನೆಗೆ ಪರದೆಯ ಮೇಲೆ ಕರೆ, ಸಂದೇಶ, ಕ್ಯಾಮೆರಾ ಮಾತ್ರ ಉಳಿದವು. ಅಷ್ಟು ಖಾಲಿಯಾದ ಪರದೆಯನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆದರೆ ಆ್ಯಪು ಹೋದರೂ, ಅದು ತಿಳಿಸಬೇಕಾದದ್ದನ್ನು ತಿಳಿಸಬೇಕಾದವರಿಗೆ ಆಗಲೇ ತಿಳಿಸಿತ್ತು. ಬಂಡೆಯಿಂದ ಇಳಿಯುವಾಗ ಅಪ್ಪ, "ಪಾಪ, ಮೇಸ್ತ್ರಿ," ಎಂದರು.

ಅದೇ ವಾರದ ಸಂತೆಯ ದಿನ ಅಪ್ಪ ಮಲ್ಲಂದೂರಿಗೆ ಹೋಗಿದ್ದರು. ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದಾಗ, ಬೈಕಿನ ಮೇಲೆ ಕಾಲೂರಿ ಕುಳಿತಿದ್ದ, ಹೆಲ್ಮೆಟ್ ತೆಗೆಯದ ಒಬ್ಬಾತ ಬಹಳ ವಿನಯದಿಂದ ಕೇಳಿದನಂತೆ:

"ಏನ್ ಯಜಮಾನ್ರೇ, ಈಗೀಗ ನಡೆಯೋದು ಬಿಟ್ಬಿಟ್ರಾ? ಆರೋಗ್ಯ ನೋಡ್ಕಳಿ."

ಅಪ್ಪ ಲೋಟ ಕೆಳಗಿಡುವಷ್ಟರಲ್ಲಿ ಬೈಕು ಹೊರಟಿತ್ತು. ಆತನ ದನಿಯಲ್ಲಿ ಬೆದರಿಕೆಯೇನೂ ಇರಲಿಲ್ಲವೆಂದು ಅಪ್ಪ ಮತ್ತೆ ಮತ್ತೆ ಹೇಳಿದರು. ನಮ್ಮನ್ನು ಹೆದರಿಸಿದ್ದು ಅದೇ. ಅವರು ಅಪ್ಪನ ಮುಖವನ್ನೂ ಬಲ್ಲರು, ಸಂತೆಗೆ ಬರುವ ದಿನವನ್ನೂ ಬಲ್ಲರು. ಆ್ಯಪನ್ನು ತೆಗೆದದ್ದು ಅವರಿಗೆ ತಿಳಿದಿದೆ. ತಿಳಿದಿದೆಯೆಂದು ನಮಗೆ ತಿಳಿಯಲಿ ಎಂಬುದೂ ಅವರ ಇಚ್ಛೆ.

ನಾನು ರಜೆ ಹಾಕಿ ಬಂದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅಪ್ಪನೂ ಒಪ್ಪಿದರು. ಸಾಹುಕಾರರ ಬಂಗಲೆಗೆ ಅಪ್ಪನ ಜೊತೆ ಹೊರಟಾಗ, ಏನು ಹೇಳಬೇಕೆಂಬುದನ್ನು ಶುದ್ಧವಾದ ವಾಕ್ಯಗಳಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. 'ತಾಂತ್ರಿಕ ಕಾರಣಗಳಿಂದ' ಎಂದು ಆರಂಭಿಸುವುದೆಂದು ನಿಶ್ಚಯಿಸಿದ್ದೆ. ಆದರೆ ಅಪ್ಪ ಮೆಟ್ಟಿಲ ಕೆಳಗೆ ನಿಂತೇ ಹೇಳಿಬಿಟ್ಟರು.

"ಸಾವ್ಕಾರ್ರೇ, ದೊಡ್ಡೋರ ಜಾಗ ಹೊರಗೆ ಹೋಗಿದೆ. ನಾನು ಯಾರಿಗೂ ಹೇಳಿಲ್ಲ. ನನ್ನ ಜೇಬಲ್ಲಿದ್ದ ಫೋನ್ ಹೇಳಿದೆ. ಬುಡಕ್ಕೆ ತೂತು ಕೊರ್ದಿದಾರೆ."

ಸಾಹುಕಾರರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿದರು. ಆ್ಯಪನ್ನು ಅಳಿಸುವ ಮೊದಲೇ ನಾನು ನಕ್ಷೆಯ ಚಿತ್ರವನ್ನು ನನ್ನ ಫೋನಿಗೆ ತೆಗೆದಿಟ್ಟುಕೊಂಡಿದ್ದೆ, ಅದನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇದನ್ನ ನೀನಾಗೇ ಬಂದು ಹೇಳ್ದೆ ಅಂತ ಕೇಳ್ತಾ ಇದೀನಿ," ಎಂದರು ಕೊನೆಗೆ. "ನಾಳೆ ಮರ ಹೋಗಿ ಆಮೇಲೆ ಇದು ನನ್ನ ಕಣ್ಣಿಗೆ ಬಿದ್ದಿದ್ರೆ, ಮೊದ್ಲು ಬರೆಸ್ತಿದ್ದ ಹೆಸ್ರು ನಿಂದೇ. ಸುಳ್ಳು ಯಾಕೆ ಹೇಳ್ಲಿ."

"ಗೊತ್ತು ಸಾವ್ಕಾರ್ರೇ. ಅದಕ್ಕೇ ಬಂದೆ," ಎಂದರು ಅಪ್ಪ.

"ಇನ್ನು ಅದನ್ನ ಕಾಯಕ್ಕಾಗಲ್ಲ. ಕಾಯೋನ ಜೀವಕ್ಕೇ ಬರ್ತದೆ."

ಸಾಹುಕಾರರು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಮರವನ್ನು ಕಾನೂನಿನಂತೆ ತೆಗೆಸಿಬಿಡಲು ತೀರ್ಮಾನಿಸಿದರು. ಅನುಮತಿ ಬರುವವರೆಗೆ ಮರದ ಬಳಿ ಹಗಲೂ ರಾತ್ರಿಯೂ ಪಾಳಿಯಲ್ಲಿ ಆಳುಗಳನ್ನು ನಿಲ್ಲಿಸಿದರು. ಯಾರೂ ಬರಲಿಲ್ಲ. ಎದುರಿನ ರಸ್ತೆಯ ತಿರುವಿನಲ್ಲಿ ಬೈಕೊಂದು ನಿಂತು ಹೋಗುವುದನ್ನು ಆಳುಗಳು ಕಂಡರಂತೆ. ಅದು ಆ ಬೈಕೇ ಎಂದು ಹೇಳಲು ಆಧಾರವಿಲ್ಲ.

ಅಧಿಕಾರಿಗಳು ಬಂದ ದಿನ ನಾನೂ ಅಲ್ಲಿದ್ದೆ. ಗಂಧದ ಮರವನ್ನು ಕಡಿಯುವುದಿಲ್ಲ. ಬೇರಿನಲ್ಲೂ ತಿರುಳಿರುವುದರಿಂದ ಬುಡ ಬಗೆದು ಕೀಳುತ್ತಾರೆ. ಲೈನ್ ಮನೆಗಳ ಜನವೆಲ್ಲ ಬಂದು ಸುತ್ತ ನಿಂತಿದ್ದರು. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಆ ಇಳಿಜಾರಿಗೆ ಕಾಲಿಟ್ಟದ್ದು ಅಂದೇ. ಬೇರು ಒಂದೊಂದಾಗಿ ಕಡಿದಂತೆ ಪರಿಮಳ ಗಾಳಿಗೆ ಏರಿತು. ಸಂಜೆಯ ಹೊತ್ತಿಗೆ ನಮ್ಮ ಮನೆಯ ಬಾಗಿಲವರೆಗೂ ಬಂತು. ಅವ್ವ ಎದ್ದು ಬಾಗಿಲು ಹಾಕಿದಳು. ಅಪ್ಪನ ಪಕ್ಕದಲ್ಲಿ ಕೊನೆಯವರೆಗೂ ನಿಂತವರು ಮೇಸ್ತ್ರಿಯವರು.

ಇದಾದ ಮೇಲೆ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳನ್ನು ಇದ್ದಂತೆಯೇ ಹೇಳಿ ಮುಗಿಸುತ್ತೇನೆ. ಕಾಯಲು ಮರವಿಲ್ಲದ್ದರಿಂದ ವಾಚರ್ ಕೆಲಸ ಹೋಯಿತು. ಅಪ್ಪ ಈಗ ಅದೇ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸುವ ಕೆಲಸ ನೋಡಿಕೊಳ್ಳುತ್ತಾರೆ. ತೋಟದ ಅಂಚಿನ ಮನೆ ಬಿಟ್ಟು ನಾವು ಲೈನ್ ಮನೆಗೆ ಬಂದಿದ್ದೇವೆ. ಒಂದು ಕೋಣೆ ಕಡಿಮೆ, ಅಕ್ಕಪಕ್ಕ ಜನರಿದ್ದಾರೆ ಎಂಬುದೇ ಅವ್ವನ ನೆಮ್ಮದಿ. ಅಪ್ಪನ ಹೆಸರನ್ನು ಯಾರೂ ಕೆಟ್ಟದಾಗಿ ಎತ್ತಿಲ್ಲ. ಅಪ್ಪನೂ ಅವ್ವನೂ ಕರೆ ಮಾತ್ರ ಬರುವ ಕೀಪ್ಯಾಡ್ ಫೋನ್ ಇಟ್ಟುಕೊಂಡಿದ್ದಾರೆ. ನನ್ನ ಫೋನಿನಲ್ಲಿ ಕೆಲಸಕ್ಕೆ ಅನಿವಾರ್ಯವಾದವನ್ನು ಬಿಟ್ಟು ಉಳಿದ ಆ್ಯಪುಗಳನ್ನು ತೆಗೆದಿದ್ದೇನೆ. ಲೊಕೇಶನ್ ಆಫ್ ಮಾಡಿದ್ದೇನೆ, ಆಫ್ ಆಗಿಯೇ ಇದೆಯೇ ಎಂದು ಆಗಾಗ ತೆರೆದು ನೋಡುತ್ತೇನೆ. ಖಾತೆ ಅಳಿಸುವ ಕೋರಿಕೆಗೆ ಉತ್ತರ ಇನ್ನೂ ಬಂದಿಲ್ಲ. ಬೈಕಿನಲ್ಲಿದ್ದವನು ಯಾರೆಂದು ನಮಗೆ ಗೊತ್ತಾಗಲಿಲ್ಲ, ಅವನಿಗೆ ನಾವು ಗೊತ್ತು. ಅಪ್ಪ ಒಬ್ಬರೇ ಸಂತೆಗೆ ಹೋಗುವುದನ್ನು ನಿಲ್ಲಿಸಿದ್ದಾರೆ.